ಅರ್ಧ ಆರಿದ ಹೀಟರು

ಕೆನಡಾದ ಕ್ವಿಬೆಕ್ ಪ್ರಾಂತದಲ್ಲೋ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲೋ ಸ್ವಲ್ಪ ಹಳೆಯ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬಂದವರ ಕಣ್ಣಿಗೆ ತಪ್ಪದೆ ಬೀಳುವ ವಸ್ತುವೊಂದಿದೆ: ಕಿಟಕಿಯ ಕೆಳಗೆ, ನೆಲಕ್ಕೆ ಹತ್ತಿಕೊಂಡು, ಗೋಡೆಯುದ್ದಕ್ಕೂ ಚಾಚಿದ ಗೇಣೆತ್ತರದ ತಗಡಿನ ಡಬ್ಬಿ. ಬೇಸ್‌ಬೋರ್ಡ್ ಹೀಟರ್ ಎಂದರೆ ಇದೇ. ಒಳಗೆ ಫ್ಯಾನಿಲ್ಲ, ನೀರಿಲ್ಲ, ಹೊಗೆಯಿಲ್ಲ. ಒಂದು ಲೋಹದ ಕೊಳವೆ, ಅದರೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿಯಲ್ಲಿ ಹುದುಗಿಸಿದ ನಿಕ್ರೋಮ್ ತಂತಿ, ಕೊಳವೆಯ ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳು, ಅಷ್ಟೇ. ಕಿಟಕಿಯ ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು ಡಬ್ಬಿಯ ತಳದಿಂದ ಒಳಗೆ ಹೊಕ್ಕು, ಬಿಸಿಯಾಗಿ ಮೇಲೆದ್ದು ಕೋಣೆಯನ್ನು ಸುತ್ತುತ್ತದೆ. ಎದುರಿನ ಒಳಗೋಡೆಯ ಮೇಲೆ ಸುಮಾರು ಐದಡಿ ಎತ್ತರದಲ್ಲಿ ಥರ್ಮೋಸ್ಟಾಟ್ ಇರುತ್ತದೆ. ಅದರ ಗುಂಡಿಯನ್ನು ಕೊನೆಯವರೆಗೆ ಹಿಂದಕ್ಕೆ ತಿರುಗಿಸಿದರೆ ಹೀಟರು ತಣ್ಣಗಾಗುತ್ತದೆ. ಆದರೆ ತಣ್ಣಗಾದ ಹೀಟರಿನಲ್ಲಿ ಕರೆಂಟು ಇಲ್ಲವೆಂದು ಹೇಳಲು ಬರುವುದಿಲ್ಲ. ಗೋಡೆಯ ಮೇಲಿರುವ ಥರ್ಮೋಸ್ಟಾಟ್ ಒಂದೇ ತಂತಿಯನ್ನು ಕಡಿಯುವ ಸಿಂಗಲ್ ಪೋಲ್ ಬಗೆಯದಾಗಿದ್ದರೆ ಆ ಡಬ್ಬಿಯೊಳಗೆ ಭೂಮಿಗೆ ಹೋಲಿಸಿ 120 ವೋಲ್ಟ್ ಇದ್ದೇ ಇರುತ್ತದೆ. ಇಂಥ ಹೀಟರಿಗೆ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಥರ್ಮೋಸ್ಟಾಟನ್ನೇ ಹಾಕಬೇಕು ಎಂಬುದು ಈ ಲೇಖನದ ವಾದ. ಅಲ್ಲಿನ ನಿಯಮಾವಳಿ ಅಷ್ಟು ಕಟ್ಟುನಿಟ್ಟಾಗಿ ಅದನ್ನು ಕೇಳುವುದಿಲ್ಲ. ಭಾರತದ ವೈರಿಂಗ್ ನೋಡಿಕೊಂಡು ಬೆಳೆದವರಿಗೆ ಮಾತ್ರ ಈ ಮಾತು ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ಅನ್ವಯಿಸುತ್ತದೆ. ಏಕೆಂದರೆ ಅವರಿಗೆ ಊರಿನಲ್ಲಿ ಅಭ್ಯಾಸವಾದ ಎರಡು ಸರಿಯಾದ ಸಂಗತಿಗಳು ಅಲ್ಲಿ ತಪ್ಪಾಗುತ್ತವೆ.

ಕರೆಂಟಿನಿಂದ ಇಡೀ ಮನೆ ಬೆಚ್ಚಗಿಡುವುದು ದುಬಾರಿ ಬಾಬತ್ತು. ಅದು ಆ ಎರಡು ಕಡೆಗಳಲ್ಲಿ ರೂಢಿಯಾದದ್ದು ನೀರಿನ ದೆಸೆಯಿಂದ. ಕ್ವಿಬೆಕ್‌ನಲ್ಲಿ 1960ರ ದಶಕದ ಮೊದಲ ಭಾಗದಲ್ಲಿ ಖಾಸಗಿ ವಿದ್ಯುತ್ ಕಂಪನಿಗಳು ಹೈಡ್ರೋ-ಕ್ವಿಬೆಕ್‌ನ ತೆಕ್ಕೆಗೆ ಬಂದವು. 1971ರಲ್ಲಿ ಜೇಮ್ಸ್ ಕೊಲ್ಲಿಯ ಯೋಜನೆ ಘೋಷಣೆಯಾಯಿತು. ಲಾ ಗ್ರಾಂಡ್ ನದಿಯ ಮೇಲಿನ ರಾಬರ್ಟ್ ಬುರಾಸಾ ವಿದ್ಯುದಾಗಾರವೊಂದರ ಸಾಮರ್ಥ್ಯವೇ 5,616 ಮೆಗಾವಾಟ್. ನಮ್ಮ ಶರಾವತಿಯ 1,035 ಮೆಗಾವಾಟ್ ಸ್ಥಾವರದ ಐದು ಪಟ್ಟಿಗೂ ಮಿಗಿಲು. ಅತ್ತ ಕೊಲಂಬಿಯಾ ನದಿಗೆ ಬಾನ್ವಿಲ್, ಗ್ರಾಂಡ್ ಕೂಲಿ ಅಣೆಕಟ್ಟುಗಳು ಬಂದ ಮೇಲೆ ವಾಷಿಂಗ್ಟನ್, ಆರೆಗಾನ್ ಕಡೆಯಲ್ಲೂ ಕರೆಂಟು ಅಗ್ಗವಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳೂ ಉಪಕರಣ ತಯಾರಕರೂ ಸೇರಿ ಒಲೆಯಿಂದ ಹೀಟರಿನವರೆಗೆ ಎಲ್ಲವೂ ವಿದ್ಯುತ್ತಿನದೇ ಆದ ಮನೆಗೆ ಚಿನ್ನದ ಬಣ್ಣದ ಪದಕ ಕೊಟ್ಟು ಬಾಗಿಲ ಪಕ್ಕ ಹಾಕಿಸುತ್ತಿದ್ದರು. ಬೇಸ್‌ಬೋರ್ಡ್ ಹೀಟರು ಕಟ್ಟಡ ಕಟ್ಟುವವನಿಗೂ ಒಪ್ಪಿತ. ಗಾಳಿಯ ಕೊಳವೆ ಬೇಡ, ಬಾಯ್ಲರ್ ಬೇಡ, ಕೇಬಲ್ ಎಳೆದರೆ ಮುಗಿಯಿತು. ಕರೆಂಟು ಅಗ್ಗವಲ್ಲದ ಕಡೆಯೂ ಅಪಾರ್ಟ್‌ಮೆಂಟುಗಳಲ್ಲಿ ಇದು ಹಬ್ಬಿದ್ದಕ್ಕೆ ಕಾರಣ ಅದು: ಕಟ್ಟುವವನಿಗೆ ಉಳಿತಾಯ, ಬಿಲ್ಲು ಬಾಡಿಗೆದಾರನದು. ಈಗ ಅದೇ ಯೂನಿಟ್ಟಿಗೆ ಎರಡು ಮೂರು ಪಟ್ಟು ಶಾಖ ಕೊಡುವ ಹೀಟ್ ಪಂಪುಗಳು ಬಂದಿವೆ. ಆದರೂ ಗೋಡೆಯೊಳಗೆ ಹೂತ ಹಳೆಯ ವೈರಿಂಗು ಇನ್ನೂ ಹಲವು ದಶಕ ಅಲ್ಲೇ ಇರುತ್ತದೆ, ಮತ್ತು ಜನ ಇಂದು ಬದಲಾಯಿಸಲು ಹೊರಡುವುದು ಹೆಚ್ಚಾಗಿ ಅದರ ತುದಿಯಲ್ಲಿರುವ ಥರ್ಮೋಸ್ಟಾಟನ್ನೇ.

ಥರ್ಮೋಸ್ಟಾಟ್ ಎಂದರೆ ನಿರಪಾಯಕಾರಿ ವಸ್ತು ಎಂಬ ಭಾವನೆ ಬೆಳೆದಿರುವುದಕ್ಕೆ ಅದರ ಚರಿತ್ರೆಯೇ ಕಾರಣ. ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ವಾರನ್ ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಥರ್ಮೋಸ್ಟಾಟು ಕೋಣೆಯ ಸ್ಥಿತಿಯನ್ನು ನೆಲಮಾಳಿಗೆಯಲ್ಲಿ ಕುಲುಮೆ ನೋಡಿಕೊಳ್ಳುವ ಆಳಿಗೆ ತಿಳಿಸುವ ಸಾಧನವಾಗಿತ್ತು. ಉರಿ ಏರಿಸುವವನು, ಇಳಿಸುವವನು ಆ ಆಳೇ. ಅಂದರೆ ಹುಟ್ಟಿನಿಂದಲೇ ಅದು ಸುದ್ದಿ ಮುಟ್ಟಿಸುವ ಉಪಕರಣ. 1953ರಲ್ಲಿ ಮಾರುಕಟ್ಟೆಗೆ ಬಂದ, ಹೆನ್ರಿ ಡ್ರೇಫಸ್ ವಿನ್ಯಾಸ ಮಾಡಿದ ಹನಿವೆಲ್‌ನ ದುಂಡನೆಯ ಥರ್ಮೋಸ್ಟಾಟೂ ಇದೇ ಜಾತಿಯದು. ಗ್ಯಾಸ್ ಕುಲುಮೆಯಿರುವ ಮನೆಯಲ್ಲಿ ಅದು 24 ವೋಲ್ಟಿನ ತೆಳು ತಂತಿಗಳಲ್ಲಿ ‘ಹೊತ್ತಿಸು’, ‘ಆರಿಸು’ ಎಂದಷ್ಟೇ ಹೇಳುತ್ತದೆ. ಭಾರಿ ಕೆಲಸವೆಲ್ಲ ಕುಲುಮೆಯ ಬುಡದಲ್ಲಿರುವ ರಿಲೇಯದು. ಇಂದಿನ ನೆಸ್ಟ್ ಎಂಬ ಸ್ಮಾರ್ಟ್ ಥರ್ಮೋಸ್ಟಾಟ್ ಕೂಡ ಈ ಕುಲದ್ದೇ. ಬೇಸ್‌ಬೋರ್ಡಿನ ಥರ್ಮೋಸ್ಟಾಟ್ ನೋಡಲು ಇದರ ಅಣ್ಣತಮ್ಮನಂತಿದ್ದರೂ ಮಾಡುವ ಕೆಲಸವೇ ಬೇರೆ. ಅದರ ಮೂಲಕ ಹೀಟರಿನ ಪೂರ್ತಿ ಕರೆಂಟು, 240 ವೋಲ್ಟಿನಲ್ಲಿ ಹದಿನೈದು ಹದಿನಾರು ಆಂಪಿಯರ್‌ವರೆಗೆ, ದಿನವಿಡೀ ಮತ್ತೆ ಮತ್ತೆ ಹರಿದು ನಿಲ್ಲುತ್ತದೆ. 24 ವೋಲ್ಟಿನ ಥರ್ಮೋಸ್ಟಾಟನ್ನು ತಂದು ಆ ತಂತಿಗಳಿಗೆ ಸೇರಿಸಿದರೆ ಅದು ಸುಟ್ಟುಹೋಗುವುದು ಖಚಿತ, ಗೋಡೆಗೆ ಬೆಂಕಿ ತಗಲುವುದೂ ಸಾಧ್ಯ. ಥರ್ಮೋಸ್ಟಾಟಿನ ಹಿಂದೆ ಗೋಡೆಯಲ್ಲಿರುವ ಪೆಟ್ಟಿಗೆಯಿಂದ ಹೊರಬಂದ ತಂತಿ ಪೆನ್ಸಿಲ್ ಸೀಸದಷ್ಟು ದಪ್ಪದ ಗಟ್ಟಿ ತಾಮ್ರದ್ದಾಗಿದ್ದು ಮೇಲೆ ಪ್ಲಾಸ್ಟಿಕ್ ಟೋಪಿ ತಿರುಚಿದ್ದರೆ ಅದು ಸುದ್ದಿಯ ತಂತಿಯಲ್ಲ, ಮೇನ್ ಲೈನ್ ಎಂದೇ ತಿಳಿಯಬೇಕು.

ಈಗ ಊರಿನ ಅಭ್ಯಾಸದ ವಿಷಯ. ಬೆಂಗಳೂರಿನ ಮನೆಗೆ 230 ವೋಲ್ಟ್ ಬರುತ್ತದೆ, ಸಿಯಾಟಲ್‌ನ ಹೀಟರಿಗೆ 240. ಅಂಕಿ ನೋಡಿದರೆ ಎರಡೂ ಒಂದೇ ಎನಿಸುತ್ತದೆ. ಆದರೆ ನಮ್ಮಲ್ಲಿ ಆ 230 ಇರುವುದು ಒಂದು ಫೇಸ್ ತಂತಿಗೂ ನ್ಯೂಟ್ರಲಿಗೂ ನಡುವೆ. ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಭೂಮಿಗೆ ಸೇರಿರುವುದರಿಂದ ಅಪಾಯವೆಲ್ಲ ಒಂದೇ ತಂತಿಯಲ್ಲಿ. ಹಾಗಾಗಿಯೇ ‘ಸ್ವಿಚ್ ಫೇಸಿನಲ್ಲಿರಬೇಕು’ ಎಂಬುದು ನಮ್ಮ ವೈರ್‌ಮನ್ ಕಲಿಯುವ ಮೊದಲ ಪಾಠ. ಫೇಸ್ ಕಡಿದರೆ ಬಲ್ಬಿನ ಹೋಲ್ಡರಿನಲ್ಲಿ ಏನೂ ಉಳಿಯುವುದಿಲ್ಲ. ಉತ್ತರ ಅಮೆರಿಕದ ಮನೆಗೆ ಬರುವುದು ಬೇರೆ ಬಗೆಯ ಜೋಡಣೆ. ಟ್ರಾನ್ಸ್‌ಫಾರ್ಮರಿನ ಸುರುಳಿಯ ನಟ್ಟನಡುವೆ ಒಂದು ತಂತಿ ಹೊರತೆಗೆದು ಅದನ್ನು ಭೂಮಿಗೆ ಸೇರಿಸಿರುತ್ತಾರೆ. ಎರಡು ತುದಿಗಳಿಂದ ಎರಡು ಫೇಸ್ ತಂತಿಗಳು. ನಡುವಿನಿಂದ ಯಾವ ತುದಿಗೆ ಅಳೆದರೂ 120, ತುದಿಯಿಂದ ತುದಿಗೆ 240. ಎಡಿಸನ್ ಕಾಲದ ಪಳೆಯುಳಿಕೆ ಇದು. ಅವನ ದೀಪಗಳಿಗೆ ಸುಮಾರು 110 ವೋಲ್ಟ್ ಸಾಕಾಗಿತ್ತು, ತಾಮ್ರ ತುಟ್ಟಿಯಾಗಿತ್ತು, ಮೂರು ತಂತಿಯ ಉಪಾಯದಿಂದ ಅರ್ಧಕ್ಕೂ ಹೆಚ್ಚು ತಾಮ್ರ ಉಳಿಯುತ್ತಿತ್ತು. 1883ರಲ್ಲಿ ಪೆನ್ಸಿಲ್ವೇನಿಯಾದ ಸನ್‌ಬರಿಯಲ್ಲಿ ಅದು ಮೊದಲು ಜಾರಿಗೆ ಬಂತು. ಇಂದಿಗೂ ಅಲ್ಲಿನ ಬಲ್ಬು, ಟೀವಿ ನಡೆಯುವುದು 120ರಲ್ಲಿ. ಒಲೆ, ಬಟ್ಟೆ ಒಣಗಿಸುವ ಯಂತ್ರ, ಹೀಟರು 240ರಲ್ಲಿ. ಬೇಸ್‌ಬೋರ್ಡ್ ಹೀಟರಿಗೆ ಹೋಗುವ ಕೇಬಲ್ಲಿನಲ್ಲಿ ನ್ಯೂಟ್ರಲ್ ಎಂಬುದೇ ಇಲ್ಲ. ಅರ್ತ್ ಬಿಟ್ಟರೆ ಉಳಿದ ಎರಡೂ ಫೇಸ್. ಫೇಸಿಗೆ ಸ್ವಿಚ್ ಹಾಕಿದೆ ಎಂದು ಸಮಾಧಾನ ಪಡುವಂತಿಲ್ಲ. ಇನ್ನೊಂದು ಫೇಸ್ ಇದ್ದೇ ಇದೆ.

ಬಣ್ಣದ ಗೊಂದಲ ಇದಕ್ಕಿಂತ ಕೆಟ್ಟದ್ದು. ನಮ್ಮ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್, ಅರ್ತ್ ಹಸಿರು ಅಥವಾ ಬರಿಯ ತಾಮ್ರ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ನಾಲ್ಕು ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದವರ ಕೈ ‘ಕಪ್ಪಲ್ಲವೇ’ ಎಂದು ಧೈರ್ಯ ಮಾಡುವುದು ಅಲ್ಲಿನ ಅತ್ಯಂತ ಅಪಾಯದ ತಂತಿಯ ಮೇಲೆ. ಇನ್ನು ಬಿಳಿಯನ್ನಾದರೂ ನಂಬಬಹುದೇ ಎಂದರೆ ಹೀಟರಿನ ಮಟ್ಟಿಗೆ ಅದೂ ಇಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಕಪ್ಪು-ಬಿಳಿ ಜೋಡಿಯ ಕೇಬಲ್ಲನ್ನೇ 240ಕ್ಕೂ ಎಳೆಯುತ್ತಾರೆ. ಆಗ ಬಿಳಿಯೂ ಫೇಸ್. ಅದರ ತುದಿಗೆ ಕಪ್ಪು ಅಥವಾ ಕೆಂಪು ಟೇಪು ಸುತ್ತಿ ಗುರುತು ಮಾಡಬೇಕೆಂಬುದು ನಿಯಮ. ಹಳೆಯ ಮನೆಗಳಲ್ಲಿ ಆ ಟೇಪು ಇರುವುದು ಅಪರೂಪ. ಕೆನಡಾದವರು ಈ ವಿಷಯದಲ್ಲಿ ಜಾಣರು. ಹೀಟರಿಗೆಂದೇ ಕೆಂಪು ಹೊದಿಕೆಯ ಕೇಬಲ್ ಮಾಡಿ, ಒಳಗೆ ಕಪ್ಪು ಮತ್ತು ಕೆಂಪು ತಂತಿಗಳನ್ನಿಟ್ಟಿದ್ದಾರೆ. ನೋಡಿದರೆ ಸಾಕು, ಎರಡೂ ಫೇಸ್ ಎಂದು ತಿಳಿಯುತ್ತದೆ.

ಥರ್ಮೋಸ್ಟಾಟಿನ ಮುಚ್ಚಳ ತೆಗೆದು ಪೆಟ್ಟಿಗೆಯೊಳಗೆ ನೋಡಿದರೆ, ಎಲ್ಲ ಕ್ರಮವಾಗಿ ನಡೆದಿದ್ದ ಪಕ್ಷದಲ್ಲಿ, ಎರಡು ಕೇಬಲ್‌ಗಳು ಕಾಣುತ್ತವೆ. ಒಂದು ಬ್ರೇಕರುಗಳಿರುವ ಪ್ಯಾನಲ್‌ನಿಂದ ಬಂದದ್ದು, ಇನ್ನೊಂದು ಹೀಟರಿಗೆ ಹೋಗುವುದು. ಅರ್ತ್ ತಂತಿಗಳನ್ನು ಬಿಟ್ಟರೆ ಒಟ್ಟು ನಾಲ್ಕು ತಂತಿ. ಸಿಂಗಲ್ ಪೋಲ್ ಥರ್ಮೋಸ್ಟಾಟಿಗೆ ಎರಡೇ ತುದಿ. ಅದನ್ನು ಹಾಕಿರುವಲ್ಲಿ ಎರಡು ಕೇಬಲ್‌ಗಳ ಒಂದೊಂದು ತಂತಿಯನ್ನು ನೇರ ಜೋಡಿಸಿ ಟೋಪಿ ಹಾಕಿ ಹಿಂದಕ್ಕೆ ತುರುಕಿರುತ್ತಾರೆ, ಉಳಿದೆರಡು ಥರ್ಮೋಸ್ಟಾಟಿಗೆ. ಆ ಟೋಪಿ ಹಾಕಿದ ಜೋಡಣೆಯ ಮೂಲಕ ಒಂದು ಫೇಸ್ ಹಗಲಿರುಳೂ, ಮಳೆಗಾಲ ಬೇಸಿಗೆ ಎನ್ನದೆ, ಹೀಟರಿನ ಒಂದು ಕೊನೆಯಲ್ಲಿ ಕಾದುಕೊಂಡಿರುತ್ತದೆ. ಡಬಲ್ ಪೋಲ್ ಆದರೆ ನಾಲ್ಕು ತುದಿ: ಪ್ಯಾನಲ್‌ನಿಂದ ಬಂದ ಎರಡು ತಂತಿಗಳು ‘ಲೈನ್’ ಎಂದು ಬರೆದ ಜೋಡಿಗೆ, ಹೀಟರಿನ ಎರಡು ‘ಲೋಡ್’ ಜೋಡಿಗೆ. ಯಾವ ಕೇಬಲ್ ಯಾವುದೆಂದು ಅಳೆದು ನೋಡದೆ ಊಹೆಯಿಂದ ಜೋಡಿಸುವವರು ಮಾಡುವ ಅತಿ ದೊಡ್ಡ ತಪ್ಪು ಒಂದಿದೆ. ಪ್ಯಾನಲ್‌ನಿಂದ ಬಂದ ಎರಡು ಫೇಸುಗಳನ್ನೇ ಸಿಂಗಲ್ ಪೋಲಿನ ಎರಡು ತುದಿಗಳಿಗೆ ಕೊಟ್ಟುಬಿಡುವುದು. ಕೋಣೆ ತಣ್ಣಗಾಗಿ ಥರ್ಮೋಸ್ಟಾಟ್ ಕೂಡಿಕೊಂಡ ಕ್ಷಣ ಅದು ನೇರ ಶಾರ್ಟ್ ಸರ್ಕ್ಯೂಟ್, ನಡುವೆ ಹೀಟರೇ ಇರುವುದಿಲ್ಲ.

ಎರಡೂ ತಂತಿ ಏಕೆ ಕಡಿಯಬೇಕು ಎಂಬುದಕ್ಕೆ ಬಲವಾದ ಸಾಕ್ಷಿ ಸಿಗುವುದು ಹೀಟರಿನ ಕೊಳವೆಯಲ್ಲಿ. ಆರಡಿಯ 1,500 ವಾಟಿನ ಹೀಟರನ್ನು ತೆಗೆದುಕೊಳ್ಳಿ. 240 ವೋಲ್ಟಿಗೆ ಅದು 6.25 ಆಂಪಿಯರ್ ಎಳೆಯುತ್ತದೆ, ತಂತಿಯ ತಡೆ 38.4 ಓಮ್. ವರ್ಷಗಳ ಮೇಲೆ ಕೊಳವೆಯ ನಡುಭಾಗದಲ್ಲಿ ಬಿರುಕು ಬಿಟ್ಟೋ ತೇವ ಹೊಕ್ಕೋ ನಿಕ್ರೋಮ್ ತಂತಿ ಹೊರಗಿನ ಲೋಹಕ್ಕೆ ತಾಗಿತು ಎಂದುಕೊಳ್ಳಿ. ಲೋಹ ಅರ್ತ್‌ಗೆ ಸೇರಿದೆ. ಹೀಟರು ಉರಿಯುತ್ತಿರುವಾಗ ಏನಾಗುತ್ತದೆ? ಏನೂ ಆಗುವುದಿಲ್ಲ. ಎರಡು ಫೇಸುಗಳ ನಟ್ಟನಡುವಿನ ಬಿಂದು ಮೊದಲೇ ಭೂಮಿಯ ಮಟ್ಟದಲ್ಲಿರುವುದರಿಂದ ಅಲ್ಲಿ ಭೂಮಿಯನ್ನು ಮುಟ್ಟಿಸಿದರೂ ಕರೆಂಟು ಅತ್ತ ಹರಿಯುವ ಕಾರಣವೇ ಇಲ್ಲ. ಬ್ರೇಕರಿಗೆ ಸುಳಿವಿಲ್ಲ, ಸೋರಿಕೆ ಪತ್ತೆಹಚ್ಚುವ ಆರ್‌ಸಿಸಿಬಿ ಇದ್ದಿದ್ದರೆ ಅದಕ್ಕೂ ಆ ಹೊತ್ತಿನಲ್ಲಿ ಸುಳಿವು ಸಿಗುತ್ತಿರಲಿಲ್ಲ. ಈಗ ಸಿಂಗಲ್ ಪೋಲ್ ಥರ್ಮೋಸ್ಟಾಟ್ ಒಂದು ಫೇಸನ್ನು ಕಡಿಯಿತು. ಇನ್ನೊಂದು ಫೇಸಿನಿಂದ ಕರೆಂಟು ಅರ್ಧ ತಂತಿಯ ಮೂಲಕ ಹರಿದು, ನಡುವೆ ಲೋಹಕ್ಕೆ ಇಳಿದು, ಅರ್ತ್ ತಂತಿ ಹಿಡಿದು ಮರಳುತ್ತದೆ. 120 ವೋಲ್ಟ್, 19.2 ಓಮ್: ಮತ್ತದೇ 6.25 ಆಂಪಿಯರ್, 750 ವಾಟ್. ಬ್ರೇಕರು 20 ಆಂಪಿಯರಿನದು, ಅದು ಅಲುಗುವುದಿಲ್ಲ. ಗೋಡೆಯ ಮೇಲಿನ ಗುಂಡಿ ಕನಿಷ್ಠದಲ್ಲಿದೆ, ಕೋಣೆಯ ಉಷ್ಣತೆ ಏರುತ್ತಲೇ ಇದೆ, ಹೀಟರಿನ ಒಂದು ಅರ್ಧ ತಣ್ಣಗೆ, ಇನ್ನೊಂದು ಅರ್ಧ ಬಿಸಿ. ಎರಡೂ ತಂತಿ ಕಡಿದಿದ್ದರೆ ಈ ಕತೆ ಶುರುವೇ ಆಗುತ್ತಿರಲಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಹೀಟರು ಮಾರುವವರಿಂದ. ಡಬ್ಬಿಯುದ್ದಕ್ಕೂ ಒಂದು ಅಧಿಕ ಉಷ್ಣದ ಕಟ್-ಔಟ್ ಇದೆಯಲ್ಲ, ಪರದೆ ಬಿದ್ದು ಗಾಳಿ ಕಟ್ಟಿದರೆ ಅದೇ ಹೀಟರನ್ನು ನಿಲ್ಲಿಸುತ್ತದಲ್ಲ ಎನ್ನುತ್ತಾರೆ. ಇದೆ, ಮತ್ತು ಅದು ಒಳ್ಳೆಯ ವ್ಯವಸ್ಥೆ. ಆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಬಿಸಿಯಾಗಿರುವ ಅರ್ಧ ಭಾಗ ಎಂದಿನ ಕರೆಂಟಿನಲ್ಲಿ ಎಂದಿನಷ್ಟೇ ಬಿಸಿಯಾಗಿದೆ, ಒಂದಂಗುಲದಲ್ಲೂ ಹೆಚ್ಚಿಲ್ಲ. ಮಿತಿಮೀರಿದ ಬಿಸಿಯನ್ನಷ್ಟೇ ಗುರುತಿಸುವ ಕಟ್-ಔಟಿಗೆ ಇಲ್ಲಿ ಗುರುತಿಸಲು ಏನೂ ಇಲ್ಲ. ಆರ್‌ಸಿಸಿಬಿ ಇದ್ದರೆ ಹಿಡಿಯುತ್ತದೆ ಎಂಬುದು ನಿಜ. ಆದರೆ ಅಲ್ಲಿ ಇಂಥ ರಕ್ಷಣೆ ಸ್ನಾನದ ಮನೆಯ ಪ್ಲಗ್ಗಿಗೋ ನೆಲದಡಿಯ ಹೀಟಿಂಗ್ ಕೇಬಲ್ಲಿಗೋ ಇರುತ್ತದೆಯೇ ಹೊರತು ಬೇಸ್‌ಬೋರ್ಡಿನ ಸರ್ಕ್ಯೂಟಿಗೆ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಮನೆಗಳ ಹಾಗೆ ಇಡೀ ಮನೆಗೊಂದು ಆರ್‌ಸಿಸಿಬಿ ಹಾಕುವ ಪದ್ಧತಿಯೂ ಅಲ್ಲಿಲ್ಲ. ಕೊಳವೆಯ ನಟ್ಟನಡುವೆಯೇ ದೋಷ ಬರುವುದು ಎಷ್ಟು ಸಲ ಎಂದು ಕೇಳಿದರೆ, ಅಪರೂಪವೇ ಸರಿ. ಆದರೆ ನಡುವೆಯೇ ಆಗಬೇಕೆಂದೇನೂ ಇಲ್ಲ. ಕಡಿದ ಫೇಸಿನ ಕಡೆಯ ತುದಿಯಲ್ಲಿ ತಾಗಿದರೆ ಪೂರ್ತಿ ತಂತಿಯ ಮೂಲಕ 3 ಆಂಪಿಯರಿಗೆ ತುಸು ಹೆಚ್ಚು ಹರಿದು 375 ವಾಟ್ ಸದಾ ಉರಿಯುತ್ತಿರುತ್ತದೆ. ಹೀಟರು ಮತ್ತೆ ಚಾಲೂ ಆದಾಗಲಷ್ಟೇ ಬ್ರೇಕರಿಗೆ ಆ ದೋಷ ಗೊತ್ತಾಗುವುದು. ಬೇಸಿಗೆಯ ಮೂರು ತಿಂಗಳು ಯಾರೂ ಚಾಲೂ ಮಾಡುವುದಿಲ್ಲ.

ಬೆಂಕಿಯ ಮಾತು ಒತ್ತಟ್ಟಿಗಿಡೋಣ, ಕೈಯ ಮಾತಿಗೆ ಬರೋಣ. ಸಿಂಗಲ್ ಪೋಲ್ ಥರ್ಮೋಸ್ಟಾಟನ್ನು ಕನಿಷ್ಠಕ್ಕೆ ತಿರುಗಿಸಿ, ಹೀಟರಿನ ತುದಿಯ ಸಣ್ಣ ಮುಚ್ಚಳ ಬಿಚ್ಚಿ ಒಳಗಿನ ತುದಿ ಮುಟ್ಟಿದವನಿಗೆ ಸಿಗುವುದು ಪೂರ್ತಿ 120 ವೋಲ್ಟ್. ಕಡಿದ ತಂತಿಯ ಕಡೆಯನ್ನು ಮುಟ್ಟಿದರೂ ಅಷ್ಟೇ. ನಡುವೆಯಿರುವ 38 ಓಮ್ ಸುರುಳಿ, ಸಾವಿರ ಓಮ್ ಲೆಕ್ಕದ ಒದ್ದೆ ಮೈಯೆದುರು ಲೆಕ್ಕಕ್ಕೇ ಬರುವುದಿಲ್ಲ. ‘ನಮ್ಮ 230ರ ಮುಂದೆ 120 ಯಾವ ಲೆಕ್ಕ’ ಎಂಬ ಉಡಾಫೆಯನ್ನು ಭಾರತದಿಂದ ಹೋದವರಲ್ಲಿ ಕೇಳಬಹುದು. 120 ವೋಲ್ಟ್ ಸಾವಿರ ಓಮ್ ಮೈಯಲ್ಲಿ ಹರಿಸುವುದು 120 ಮಿಲಿ ಆಂಪಿಯರ್. ನಮ್ಮ ಮನೆಗಳ ಆರ್‌ಸಿಸಿಬಿ 30 ಮಿಲಿ ಆಂಪಿಯರಿಗೇ ಬೀಳುವಂತೆ ಮಾಡಿರುವುದು ಅದಕ್ಕಿಂತ ಮೇಲೆ ಹೃದಯದ ಲಯ ತಪ್ಪುವ ಅಪಾಯ ಇರುವುದರಿಂದ. ತಮಾಷೆಯೆಂದರೆ ನಮ್ಮಲ್ಲಿ, ಒಂದೇ ಫೇಸ್ ಇರುವ ನಾಡಿನಲ್ಲಿ, ಗೀಸರಿಗೂ ಏಸಿಗೂ ಡಿಪಿ, ಅಂದರೆ ಡಬಲ್ ಪೋಲ್, ಸ್ವಿಚ್ ಹಾಕುವುದು ವಾಡಿಕೆ. ನ್ಯೂಟ್ರಲ್ ಎಲ್ಲೋ ಕಡಿದುಹೋಗಿ ಅದರಲ್ಲೂ ವೋಲ್ಟೇಜ್ ಏರಬಹುದು, ಫೇಸ್-ನ್ಯೂಟ್ರಲ್ ಅದಲುಬದಲಾಗಿರಬಹುದು ಎಂಬ ಮುನ್ನೆಚ್ಚರಿಕೆಯಿಂದ. ಎರಡನೆಯ ತಂತಿಯಲ್ಲಿ ಕರೆಂಟು ಬಂದರೂ ಬರಬಹುದು ಎಂಬ ಸಂಶಯಕ್ಕೇ ನಮ್ಮವರು ಎರಡನ್ನೂ ಕಡಿಯುತ್ತಾರೆ. ಅಲ್ಲಿನವರೋ, ಬಂದೇ ಇರುತ್ತದೆ ಎಂದು ಗೊತ್ತಿರುವ ಕಡೆ ಒಂದನ್ನೇ ಕಡಿದು ಸುಮ್ಮನಾಗುತ್ತಾರೆ.

ನಿಯಮ ಏನು ಹೇಳುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು, ಏಕೆಂದರೆ ಎದುರುವಾದಿಗಳ ಕೈಯಲ್ಲಿರುವ ಗಟ್ಟಿ ಅಸ್ತ್ರ ಅದು. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 424ನೇ ವಿಧಿ ಸ್ಥಿರ ವಿದ್ಯುತ್ ಹೀಟರುಗಳ ಕುರಿತಾದದ್ದು. ಥರ್ಮೋಸ್ಟಾಟನ್ನೇ ವಿದ್ಯುತ್ ಕಡಿತದ ಸಾಧನವೆಂದು ಲೆಕ್ಕ ಹಿಡಿಯಬೇಕಾದರೆ ಅದಕ್ಕೆ ‘ಆಫ್’ ಎಂದು ಗುರುತಾದ ಸ್ಥಾನ ಇರಬೇಕು, ಆ ಸ್ಥಾನದಲ್ಲಿ ಭೂಮಿಗೆ ಸೇರದ ಎಲ್ಲ ತಂತಿಗಳೂ ಕಡಿಯಬೇಕು, ಮತ್ತೆ ತಾನಾಗಿ ಚಾಲೂ ಆಗಬಾರದು ಎನ್ನುತ್ತದೆ ಅದು. ಈ ಷರತ್ತು ಪೂರೈಸದ ಥರ್ಮೋಸ್ಟಾಟನ್ನು ಬಳಸಬೇಡಿ ಎಂದೇನೂ ಹೇಳುವುದಿಲ್ಲ. ಅದನ್ನು ಕಡಿತದ ಸಾಧನವೆಂದು ನಂಬಬೇಡಿ ಎನ್ನುತ್ತದೆ, ಅಷ್ಟೇ. ಆ ಕೆಲಸ ಪ್ಯಾನಲ್ಲಿನ ಬ್ರೇಕರಿನದು. ಸಿಂಗಲ್ ಪೋಲ್ ಗುಂಡಿಯ ಕೊನೆಯಲ್ಲಿ ಸಾಮಾನ್ಯವಾಗಿ ‘ಲೋ’ ಎಂದೋ ಹಿಮದ ಹರಳಿನ ಚಿತ್ರವೋ ಇರುವುದು, ‘ಆಫ್’ ಇಲ್ಲದಿರುವುದು ಇದರಿಂದಲೇ. ಹಾಗಾದರೆ ಬ್ರೇಕರು ಕೆಡವಿ ಕೆಲಸ ಮಾಡಿದರಾಯಿತಲ್ಲ, ಹೆಚ್ಚು ಹಣ ಕೊಟ್ಟು ಡಬಲ್ ಪೋಲ್ ಏಕೆ? ವಾದ ಸರಿಯಾಗಿದೆ, ಮನುಷ್ಯರು ಹಾಗಿಲ್ಲ. ಬ್ರೇಕರು ನೆಲಮಾಳಿಗೆಯಲ್ಲಿರುತ್ತದೆ, ಅದರ ಪಕ್ಕದ ಚೀಟಿ ಮಾಸಿರುತ್ತದೆ ಅಥವಾ ಬೇರೆ ಕೋಣೆಯ ಹೆಸರು ಹೇಳುತ್ತದೆ. ಗುಂಡಿ ಕಣ್ಣೆದುರಿಗಿರುತ್ತದೆ. ಹೀಟರಿನ ರೆಕ್ಕೆಗಳ ನಡುವೆ ಮಗುವಿನ ಆಟಿಕೆ ಬಿದ್ದಾಗ ಯಾರೂ ನೆಲಮಾಳಿಗೆಗೆ ಇಳಿಯುವುದಿಲ್ಲ. ‘ಲೋ’ ಸ್ಥಾನದಲ್ಲಿ ಕೋಣೆ ಐದಾರು ಡಿಗ್ರಿಗೆ ಇಳಿದರೆ ಹೀಟರು ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿರುವುದಿಲ್ಲ. ಬ್ರೇಕರಿನ ಮೇಲಿನ ನಂಬಿಕೆಗೂ ಒಂದು ಎಚ್ಚರಿಕೆ ಬೇಕು: ಕೆಲವು ಹಳೆಯ ಪ್ಯಾನಲ್‌ಗಳಲ್ಲಿ 240ರ ಎರಡು ಫೇಸುಗಳಿಗೆ ಎರಡು ಬಿಡಿ ಬ್ರೇಕರುಗಳನ್ನು ಹಾಕಿ ನಡುವೆ ಕೊಂಡಿಯನ್ನೇ ಕೂಡಿಸಿರುವುದಿಲ್ಲ. ಒಂದನ್ನು ಕೆಡವಿದರೆ ಮತ್ತದೇ ಅರ್ಧ ಆರಿದ ಹೀಟರು.

ಡಬಲ್ ಪೋಲಿನ ವಿರುದ್ಧ ಒಂದು ಆಕ್ಷೇಪ ಮಾತ್ರ ನಿಜವಾಗಿಯೂ ತೂಕದ್ದು. ಮಾಂಟ್ರಿಯಲ್‌ನ ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ರಾತ್ರಿಗಳು ಸಾಮಾನ್ಯ. ಹೀಟರನ್ನು ಪೂರ್ತಿ ಆರಿಸಿ ರಜೆಗೆಂದು ಊರಿಗೆ ಹೋದವನ ಮನೆಯಲ್ಲಿ ಗೋಡೆಯೊಳಗಿನ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುತ್ತದೆ. ಬಿಸಿಲು ಬಂದ ದಿನ ಮನೆಯೆಲ್ಲ ನೀರು. ‘ಆಫ್’ ಇಲ್ಲದ ಸಿಂಗಲ್ ಪೋಲು ಈ ಅನಾಹುತವನ್ನು ತಾನೇ ತಪ್ಪಿಸುತ್ತದೆ. ಒಪ್ಪಲೇಬೇಕಾದ ಮಾತು. ಆದರೆ ಡಬಲ್ ಪೋಲಿನ ಗುಂಡಿಯಲ್ಲೂ ‘ಆಫ್’ನ ಪಕ್ಕದಲ್ಲೇ ಕನಿಷ್ಠ ಉಷ್ಣತೆಯ ಸ್ಥಾನ ಇರುತ್ತದೆ, ನಡುವೆ ಕಟಕ್ಕೆನ್ನುವ ಒಂದು ತಡೆಯೂ ಇರುತ್ತದೆ. ಚಳಿಗಾಲಕ್ಕೆ ಅದು, ರಿಪೇರಿಗೂ ಬೇಸಿಗೆಗೂ ಇದು. ಮರೆಯುವವನನ್ನು ಕಾಯಲೆಂದು ರಿಪೇರಿ ಮಾಡುವವನನ್ನು 120 ವೋಲ್ಟಿನ ಬಾಯಿಗೆ ಕೊಡುವುದು ಸರಿಯಾದ ಚೌಕಾಸಿಯೆಂದು ತೋರುವುದಿಲ್ಲ.

ಇನ್ನು ಡಬಲ್ ಪೋಲ್ ಹಾಕಲು ಹೊರಟಾಗ ಎದುರಾಗುವ ಅಡ್ಡಿ. ಮುಚ್ಚಳ ತೆಗೆದರೆ ನಾಲ್ಕರ ಬದಲು ಎರಡೇ ತಂತಿ ಇರುವ ಮನೆಗಳು ಬೇಕಾದಷ್ಟಿವೆ. ಅಲ್ಲಿ ಪ್ಯಾನಲ್ಲಿನ ಕೇಬಲ್ ನೇರ ಹೀಟರಿಗೆ ಹೋಗಿ, ಅಲ್ಲಿಂದ ಒಂದು ಫೇಸನ್ನಷ್ಟೇ ಥರ್ಮೋಸ್ಟಾಟಿನವರೆಗೆ ತಂದು ಮರಳಿ ಒಯ್ದಿರುತ್ತಾರೆ. ಗೋಡೆ ಒಡೆದು ಹೊಸ ಕೇಬಲ್ ಎಳೆಯದೆ ಅಲ್ಲಿ ಡಬಲ್ ಪೋಲ್ ಕೂರುವುದಿಲ್ಲ. ಅಂಥ ಮನೆಯಲ್ಲಿ ಸಿಂಗಲ್ ಪೋಲೇ ಗತಿ; ಬ್ರೇಕರಿನ ಚೀಟಿ ಸರಿಯಾಗಿ ಬರೆದಿಡುವುದು, ಹೀಟರಿನ ಪಕ್ಕದಲ್ಲೇ ಒಂದು ಡಿಪಿ ಸ್ವಿಚ್ ಕೂರಿಸಲು ಸಾಧ್ಯವೇ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳುವುದು, ಇಷ್ಟೇ ಮಾಡಬಹುದಾದದ್ದು. ಯಾವ ಬಗೆಯದೇ ಆಗಲಿ, ಒಂದು ಥರ್ಮೋಸ್ಟಾಟಿಗೆ ಎಷ್ಟು ಹೀಟರು ಎಂಬ ಲೆಕ್ಕ ಬೇರೆ. 20 ಆಂಪಿಯರ್ ಬ್ರೇಕರಿಗೆ 240 ವೋಲ್ಟಿನಲ್ಲಿ 4,800 ವಾಟ್ ಎಂದು ಶಾಲೆಯ ಗಣಿತ ಹೇಳುತ್ತದೆ. ಹೀಟರು ಗಂಟೆಗಟ್ಟಲೆ ಬಿಡುವಿಲ್ಲದೆ ಉರಿಯುವುದರಿಂದ ಅದರ ಶೇ 80ರಷ್ಟನ್ನು, ಅಂದರೆ 3,840 ವಾಟನ್ನಷ್ಟೇ ಹೊರಿಸಬೇಕು. ಅಡಿಗೆ 250 ವಾಟಿನ ಹೀಟರಾದರೆ ಎಲ್ಲ ಸೇರಿ ಹದಿನೈದಡಿ. 240ರ ಹೀಟರನ್ನು ಅರಿಯದೆ 120ಕ್ಕೆ ಕೊಟ್ಟರೆ ಕಾಲು ಭಾಗ ಶಾಖ ಬರುತ್ತದೆ, ಜನ ಚಳಿಯಲ್ಲಿ ಗೊಣಗುತ್ತಾರೆ. 120ರದ್ದನ್ನು 240ಕ್ಕೆ ಕೊಟ್ಟರೆ ನಾಲ್ಕು ಪಟ್ಟು, ಗೊಣಗಲು ಹೊತ್ತಿರುವುದಿಲ್ಲ. 1960ರ ದಶಕದ ನಡುವಿನಿಂದ 1970ರ ದಶಕದ ಮೊದಲ ವರ್ಷಗಳವರೆಗೆ ಕಟ್ಟಿದ ಕೆಲವು ಮನೆಗಳಲ್ಲಿ ತಂತಿ ತಾಮ್ರದ್ದಲ್ಲ, ಅಲ್ಯೂಮಿನಿಯಂನದು. ಥರ್ಮೋಸ್ಟಾಟಿನ ತಾಮ್ರದ ತುದಿಗೆ ಅದನ್ನು ಸಾಮಾನ್ಯ ಟೋಪಿಯಿಂದ ತಿರುಚಿ ಜೋಡಿಸಿದರೆ ಆ ಜೋಡಣೆಯೇ ಕಾದು ಕರಗಬಹುದು. ಅದಕ್ಕೆಂದೇ ಅಂಗೀಕೃತವಾದ ಕನೆಕ್ಟರು ಬೇಕು.

ಮೊಬೈಲಿನಿಂದ ನಡೆಸುವ ಹೊಸ ಥರ್ಮೋಸ್ಟಾಟುಗಳು ಬಂದ ಮೇಲೆ ಈ ಚರ್ಚೆ ಹಳೆಯದಾಯಿತು ಎನ್ನುವವರಿದ್ದಾರೆ. ನಿಜದಲ್ಲಿ ಅದು ಇನ್ನಷ್ಟು ಸಿಕ್ಕಾಗಿದೆ. ಎರಡೇ ತಂತಿಯ ಎಲೆಕ್ಟ್ರಾನಿಕ್ ಮಾದರಿಗಳಿಗೆ ತಮ್ಮ ಪರದೆ, ವೈಫೈ ನಡೆಸಲು ಬೇರೆ ವಿದ್ಯುತ್ ದಾರಿಯಿಲ್ಲ. ಹೀಟರಿನ ಸುರುಳಿಯ ಮೂಲಕವೇ ಒಂದಿಷ್ಟು ಕರೆಂಟನ್ನು ಕದ್ದು ಬದುಕುತ್ತವೆ. ಅಂದರೆ ಹೀಟರು ಆರಿದಾಗಲೂ ಸರ್ಕ್ಯೂಟು ಪೂರ್ತಿ ಕಡಿದಿರುವುದಿಲ್ಲ. ಹಲವು ಮಾದರಿಗಳಲ್ಲಿ ಸ್ವಿಚ್ಚಿನ ಕೆಲಸ ಮಾಡುವುದು ಟ್ರಯಾಕ್ ಎಂಬ ಅರೆವಾಹಕ. ಅದು ಕೆಲವೇ ಸೆಕೆಂಡುಗಳ ಅಂತರದಲ್ಲಿ ಹೀಟರನ್ನು ಹೊತ್ತಿಸಿ ಆರಿಸಿ ಕೋಣೆಯ ಉಷ್ಣತೆಯನ್ನು ಅರ್ಧ ಡಿಗ್ರಿಯೊಳಗೆ ಹಿಡಿಯುತ್ತದೆ. ಹಳೆಯ ದ್ವಿಲೋಹ ಪಟ್ಟಿಯಲ್ಲಿ ಎರಡು ಮೂರು ಡಿಗ್ರಿ ಏರಿಳಿತ ಮಾಮೂಲಿ. ಸುಖದ ಲೆಕ್ಕದಲ್ಲಿ ಟ್ರಯಾಕ್ ಗೆದ್ದಿತು. ಆದರೆ ಅದರೊಳಗೆ ಎರಡು ಲೋಹದ ತುದಿಗಳು ಬಿಟ್ಟುಕೊಂಡು ನಡುವೆ ಗಾಳಿ ನಿಲ್ಲುವ ಕಡಿತ ಇಲ್ಲ, ಕೆಟ್ಟಾಗ ಅದು ಹೆಚ್ಚಾಗಿ ಕೂಡಿಕೊಂಡ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ನಾಲ್ಕು ತಂತಿಯ ಮಾದರಿ ಎಂದಾಕ್ಷಣ ಡಬಲ್ ಪೋಲ್ ಎಂದೂ ಅಲ್ಲ. ಕೆಲವದರಲ್ಲಿ ಒಳಗಿನ ರಿಲೇ ಕಡಿಯುವುದು ಒಂದೇ ಫೇಸನ್ನು, ಇನ್ನೊಂದು ನೇರ ಹಾದುಹೋಗುತ್ತದೆ; ನಾಲ್ಕನೆಯ ತಂತಿ ಬೇಕಾಗಿದ್ದು ಅದರ ಸ್ವಂತ ಊಟಕ್ಕೆ ಮಾತ್ರ. ಯಾಂತ್ರಿಕ ಡಬಲ್ ಪೋಲುಗಳಲ್ಲೂ ಕೆಲವು ಉಷ್ಣತೆಗೆ ತಕ್ಕಂತೆ ಒಂದು ಫೇಸನ್ನು ಕಡಿದು ಕೂಡಿಸುತ್ತ, ಗುಂಡಿಯನ್ನು ‘ಆಫ್’ಗೆ ತಂದಾಗ ಮಾತ್ರ ಎರಡನ್ನೂ ಬಿಡಿಸುತ್ತವೆ. ಆದ್ದರಿಂದ ಕೊಳ್ಳುವ ಮೊದಲು ಜಾಹೀರಾತಿನ ಬದಲು ಕೈಪಿಡಿಯ ವೈರಿಂಗ್ ಚಿತ್ರ ನೋಡಬೇಕು. ಕೈಯಿಂದ ಸರಿಸುವ ‘ಆಫ್’ ಸ್ವಿಚ್ಚಿನ ಗುರುತು ಎರಡೂ ಗೆರೆಗಳ ಮೇಲಿದ್ದರೆ ಅದು ಈ ಲೇಖನ ಕೇಳುವ ಸಾಧನ.

ಕೆಲಸಕ್ಕೆ ಯಾರು ಕೈ ಹಾಕಬಹುದು ಎಂಬುದು ಪ್ರಾಂತಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ವಿಬೆಕ್‌ನಲ್ಲಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಗಲ್ಲದೆ ಬೇರೆಯವರಿಗೆ, ಮನೆಯ ಒಡೆಯನಿಗೂ, ಅವಕಾಶವಿಲ್ಲ. ಒಂಟಾರಿಯೋದಲ್ಲಿ ಸ್ವಂತ ಮನೆಯ ಕೆಲಸವನ್ನು ಒಡೆಯನೇ ಮಾಡಬಹುದು, ಆದರೆ ವಿದ್ಯುತ್ ಸುರಕ್ಷತಾ ಪ್ರಾಧಿಕಾರದ ತಪಾಸಣಾ ವ್ಯವಸ್ಥೆಯ ಮೂಲಕ. ಬಾಡಿಗೆದಾರನಿಗೆ ಈ ಸ್ವಾತಂತ್ರ್ಯ ಎಲ್ಲೂ ಇಲ್ಲವೆಂದೇ ಇಟ್ಟುಕೊಳ್ಳುವುದು ಕ್ಷೇಮ. ಅವನು ಮಾಡಬಹುದಾದದ್ದು ಗೋಡೆಯ ಮೇಲಿನ ಗುಂಡಿಯ ಕೊನೆಯಲ್ಲಿ ‘ಆಫ್’ ಇದೆಯೋ ‘ಲೋ’ ಇದೆಯೋ ನೋಡಿ, ‘ಲೋ’ ಇದ್ದರೆ ಮಾಲೀಕನಿಗೆ ಬರೆದು ತಿಳಿಸುವುದು. ಎಲೆಕ್ಟ್ರಿಷಿಯನ್ ಬಂದಾಗ ಅವನು ಮೀಟರ್ ಹಿಡಿದು ಮೂರು ಸಲ ಅಳೆಯುತ್ತಾನೆಯೇ ಎಂದೂ ಗಮನಿಸಬಹುದು: ಎರಡು ತಂತಿಗಳ ನಡುವೆ ಒಮ್ಮೆ, ಆಮೇಲೆ ಒಂದೊಂದರಿಂದ ಅರ್ತ್‌ಗೆ. ಒಂದೇ ಬ್ರೇಕರು ಬಿದ್ದಿರುವಾಗ ಎರಡು ತಂತಿಗಳ ನಡುವಿನ ಅಳತೆ ಸೊನ್ನೆ ತೋರಿಸುತ್ತದೆ, ಏಕೆಂದರೆ ಹೀಟರಿನ ಸುರುಳಿಯ ಮೂಲಕ ಎರಡೂ ಒಂದೇ ಫೇಸಿಗೆ ಸೇರಿಕೊಂಡಿರುತ್ತವೆ. ಅರ್ತ್‌ಗೆ ಅಳೆದಾಗ ಮಾತ್ರ ಎರಡರಲ್ಲೂ 120 ಕಾಣಿಸುತ್ತದೆ.